ಚೂಡಾಮಣಿ ಅತ್ತೆ ಬರೆಸಿದ ಕಾಗದ

ಜಯನಗರದಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲದಲ್ಲಿ ಒಬ್ಬ ರಾಣಿಯಿದ್ದಳಂತೆ. ವರ್ಷಾನುಗಟ್ಟಲೆ ಎಲ್ಲರ ಹಾಗೆ ಉಂಡು, ಮಲಗಿ, ಏಳುತ್ತಿದ್ದಳಂತೆ. ಒಂದು ಸಲ ನಿದ್ದೆಗೆ ಅವಳ ಮನೆಯ ದಾರಿಯೇ ಮರೆತುಹೋಯಿತಂತೆ. ನಿದ್ದೆ ಬಾರದ ರಾಣಿ ರೇಷ್ಮೆ ಸೀರೆಗಳನ್ನೆಲ್ಲ ಬೀದಿಯಲ್ಲಿ ಹೋಗುವವರಿಗೆ ಹಂಚಿದಳು, ನಕ್ಷತ್ರಗಳಿಗೆ ಹೆಸರಿಟ್ಟು ಕರೆದಳು. ಹೆದರಿದ ಮನೆಯವರು ಅವಳನ್ನು ಕಿಟಕಿಗಳಿಗೆ ಬಲೆ ಹಾಕಿದ ಅರಮನೆಯೊಂದಕ್ಕೆ ಕಳಿಸಿಬಿಟ್ಟರಂತೆ.

ನನಗೆ ಒಂಬತ್ತು ವರ್ಷವಿದ್ದಾಗ ಅಜ್ಜಿ ಹೇಳಿದ ಕಥೆ ಇದು. "ಅಲ್ಲಿಗೆ ಹೋಗೋಕೆ ರಾಣಿ ಒಪ್ಪಿದ್ಲಾ ಅಜ್ಜಿ?" ಎಂದು ಕೇಳಿದ್ದೆ. ಜಡೆ ಹೆಣೆಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ಅವಳನ್ನ ಯಾರೂ ಕೇಳ್ಲಿಲ್ಲ ಮಗೂ."

ರಾಣಿ ಎಂದರೆ ಅಪ್ಪನ ಅಕ್ಕ, ನಮ್ಮ ಚೂಡಾಮಣಿ ಅತ್ತೆ ಎಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು. ಕಳಿಸಿದ್ದು ಅಪ್ಪ. ಅದೊಂದು ಮಂಗಳವಾರ. ರಾಹುಕಾಲಕ್ಕೆ ಬನಶಂಕರಿ ಗುಡಿಯಲ್ಲಿ ದೀಪ ಹಚ್ಚಿ ಬರೋಣ ಎಂದು ಕರೆದಿದ್ದ. ಅತ್ತೆ ನಿಂಬೆಹಣ್ಣು ಹೆಚ್ಚಿ, ರಸ ಹಿಂಡಿ, ಸಿಪ್ಪೆಗಳನ್ನು ಒಳಮಗ್ಗುಲು ಹೊರಗೆ ಮಾಡಿ ಬಟ್ಟಲಾಗಿಸಿ, ಬತ್ತಿಯಿಟ್ಟು ಡಬ್ಬಿಯಲ್ಲಿ ಜೋಡಿಸಿಕೊಂಡಳು. ಕಾರು ಗುಡಿಯ ಮುಂದೆ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಬಂದು ತೋಳು ಹಿಡಿದಾಗಲೂ ಆ ಡಬ್ಬಿ ಅವಳ ತೊಡೆಯ ಮೇಲೇ ಇತ್ತಂತೆ. ಹತ್ತೊಂಬತ್ತು ದಿನ ಕಳೆದು ಮನೆಗೆ ಬಂದಾಗ ತಲೆಯಲ್ಲಿ ಕೂದಲಿರಲಿಲ್ಲ. ಅಷ್ಟು ದಿನವೂ ಅಪ್ಪ ನೋಡಲು ಹೋಗಿರಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ.

ಹದಿನೈದು ವರ್ಷವಾಯಿತು. ಅತ್ತೆ ನಮ್ಮ ಜೊತೆಗೇ ಇದ್ದಾಳೆ. ಮಾತ್ರೆ ತಪ್ಪಿಸುವುದಿಲ್ಲ, ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಆದರೆ ಕಾರು ಹತ್ತಿದರೆ ಪ್ರತಿ ತಿರುವಿನಲ್ಲೂ "ಎಲ್ಲಿಗೆ?" ಎನ್ನುತ್ತಾಳೆ. ಅಪ್ಪ ಪ್ರತಿ ತಿರುವಿನಲ್ಲೂ ಉತ್ತರ ಹೇಳುತ್ತಾನೆ.

ಹೋದ ವರ್ಷ ಗಿರಿನಗರದ ಡಾಕ್ಟರ್ ವಿಭಾ ಅವಳಿಗೊಂದು ವಿಷಯ ತಿಳಿಸಿದರು. ಮುಂದೆ ಹುಷಾರು ತಪ್ಪಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಈಗಲೇ ಬರೆದಿಡಬಹುದು. ಕಾನೂನಿನಲ್ಲೇ ಆ ಹಕ್ಕಿದೆ. ಮಾತ್ರೆಗಳಿಂದ ಅತ್ತೆಯ ಕೈ ನಡುಗುತ್ತದೆ, ಹಾಗಾಗಿ ಬರೆದುಕೊಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಕೊಟ್ಟು, ಇವತ್ತು ನಾಳೆ ಎನ್ನುತ್ತ ವರ್ಷ ಕಳೆದಿದ್ದೆ. ಅಪ್ಪನೆದುರು ಆ ಮಂಗಳವಾರದ ಮಾತೆತ್ತಲು ನನಗೆ ಹೆದರಿಕೆ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅತ್ತೆ ಬಿಳಿ ಹಾಳೆಗಳನ್ನು ತಂದು ನನ್ನ ದೋಸೆ ತಟ್ಟೆಯ ಪಕ್ಕ ಇಟ್ಟಳು.

"ಧೃತಿ, ಮೂರು ದಿನದಿಂದ ನಿದ್ದೆ ನಾಲ್ಕೇ ಗಂಟೆ ಬರ್ತಿದೆ. ಡಾಕ್ಟ್ರಿಗೆ ಫೋನ್ ಮಾಡ್ದೆ, ನಾಳೆ ಬನ್ನಿ ಅಂದ್ರು. ಇವತ್ತು ಬರಿ."

"ಏನೂ ಆಗಲ್ಲ ಬಿಡು ಅತ್ತೆ."

"ಆಗ್ದೇ ಇರಬಹುದು. ಆದ್ರೆ ಇವತ್ತು ನಾನಾಡೋದು ನನ್ನ ಮಾತು. ಮುಂದಿನ ವಾರ ಅದನ್ನೇ ಆಡಿದ್ರೆ ಕಾಯಿಲೆ ಮಾತಾಡ್ತಿದೆ ಅಂತೀರ."

ನಾನು ಕೈ ತೊಳೆದು ಬಂದು ಪೆನ್ನು ಹಿಡಿದೆ. ಮೊದಲ ಸಾಲಿಗೇ ತಕರಾರು.

"ಏನಿದು, 'ಮನಸ್ಸೆಂಬ ಹಕ್ಕಿ ಗೂಡು ಬಿಟ್ಟು ಹಾರಿದಾಗ'? ಹಕ್ಕಿಗಿಕ್ಕಿ ಎಲ್ಲ ಹೊಡೆದುಹಾಕು. 'ನನಗೆ ಕಾಯಿಲೆ ಜಾಸ್ತಿಯಾದಾಗ' ಅಂತ ಬರಿ. ಡ್ಯೂಟಿ ಡಾಕ್ಟರಿಗೆ ಇದನ್ನ ಓದೋಕೆ ಎರಡು ನಿಮಿಷ ಇರುತ್ತೆ ಕಣೇ."

ಹೊಡೆದುಹಾಕಿದೆ. ಅತ್ತೆ ಗೋಡೆ ನೋಡುತ್ತ, ಮಕ್ಕಳಿಗೆ ಲೆಕ್ಕ ಬರೆಸುವ ದನಿಯಲ್ಲಿ ಹೇಳುತ್ತ ಹೋದಳು. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಎಂದು ನಿಜ ಹೇಳಬೇಕು. ಕಟ್ಟಿಹಾಕಬಾರದು. ಕೂದಲು ಮುಟ್ಟಬಾರದು. ಯಾವ ಮಾತ್ರೆ, ಯಾಕೆ ಎಂದು ತಿಳಿಸಬೇಕು. ಹೋದ ಸಲ ಕೊಟ್ಟ ಇಂಜೆಕ್ಷನ್ ಬೇಡ, ನಾಲಿಗೆ ಮರಗಟ್ಟಿ ಎರಡು ದಿನ ನೀರು ಕೇಳಲೂ ಆಗಿರಲಿಲ್ಲ. ಕನ್ನಡಕ ನನ್ನ ಹತ್ತಿರವೇ ಇರಬೇಕು.

"ಕನ್ನಡಕಾನೂ ಕಿತ್ಕೊಂಡಿದ್ರಾ?"

"ಹ್ಞೂಂ. ಎದುರಿಗೆ ಬಂದವರ ಮುಖ ಕಾಣ್ತಿರ್ಲಿಲ್ಲ. ಬರಿ ಬರಿ."

ಕೊನೆಗೆ ಅವಳ ಪರವಾಗಿ ಮಾತಾಡುವವರ ಹೆಸರಿನ ಜಾಗ ಬಂತು. ನಾನು ಕೇಳದೆಯೇ 'ಧೃತಿ' ಎಂದು ಬರೆಯತೊಡಗಿದೆ.

"ನಿಲ್ಲು. ಸೀನು ಅಂತ ಬರಿ."

ಸೀನು ಎಂದರೆ ಅಪ್ಪ. ನನ್ನ ಕಣ್ಣು ತುಂಬಿಕೊಂಡಿತು. ಅತ್ತೆಗೆ ಕಂಡಿತು.

"ನೀನು ಒಳ್ಳೆಯವಳೇ. ಆದ್ರೆ ಡಾಕ್ಟ್ರು ಏನಾಯ್ತು ಅಂತ ಕೇಳಿದ್ರೆ ರಾಣಿ, ನಕ್ಷತ್ರ ಅಂತ ಶುರು ಮಾಡ್ತೀಯ."

"ಅಪ್ಪ ನಿಂಗೆ ಸುಳ್ಳು ಹೇಳಿದ್ರಲ್ಲ ಅತ್ತೆ."

"ಹೇಳ್ದ. ಅವತ್ತಿಂದ ಇವತ್ತಿನವರೆಗೂ ಆ ಸುಳ್ಳು ಅವನ ಗಂಟಲಲ್ಲೇ ಕೂತಿದೆ, ನಾನು ನೋಡ್ತಿಲ್ವಾ? ಇನ್ನೊಂದು ಸಲ ಅವನ ಬಾಯಲ್ಲಿ ಸುಳ್ಳು ಬರಲ್ಲ."

ಅಪ್ಪನಿಗೆ ನಾನೇ ಹೇಳಿದೆ. ಓದುತ್ತಿದ್ದ ನ್ಯೂಸ್ ಪೇಪರ್ ಮಡಿಸಿಟ್ಟು ಎದ್ದುಹೋದ. ಇಡೀ ದಿನ ಅದರ ಸುದ್ದಿಯಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಸಾಕ್ಷಿಗೆ ಪಕ್ಕದ ಮನೆಯ ರೇವಣಸಿದ್ದಪ್ಪ ಅಂಕಲ್, ಶಾಂತಾದೇವಿ ಆಂಟಿ ಬಂದರು. ಹಿಂದಿನ ಸೀಟಿನಲ್ಲಿ ನಾವು ಮೂವರು ಒತ್ತಿಕೊಂಡು ಕೂತೆವು. "ಹದಿನೈದು ವರ್ಷದಿಂದ ನಿಮ್ಮ ಸಾರು ತಿಂದಿದೀನಿ ಚೂಡಮ್ಮ. ಬುದ್ಧಿ ನೆಟ್ಟಗಿದೆ ಅಂತ ಅದಕ್ಕಿಂತ ಸಾಕ್ಷಿ ಬೇಕಾ?" ಎಂದರು ಅಂಕಲ್. "ಹಾಗಾದ್ರೆ ನನ್ನ ಸಾರಿಗೆ ಬುದ್ಧಿ ಇಲ್ವಾ?" ಎಂದು ಆಂಟಿ ತಿವಿದರು. ಅತ್ತೆ ನಕ್ಕಳು. ಅಪ್ಪ ನಗಲಿಲ್ಲ.

ಡಾಕ್ಟರ್ ವಿಭಾ ಅತ್ತೆಯೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ನಿದ್ದೆಗೆ ಮಾತ್ರೆ ಸ್ವಲ್ಪ ಬದಲಾಯಿಸಿದರು. ಆಮೇಲೆ ನಮ್ಮೆಲ್ಲರನ್ನೂ ಕರೆದರು.

"ಇವರ ವಿಷಯ ಇವರೇ ತೀರ್ಮಾನ ಮಾಡಬಲ್ಲರು. ನಾನು ಬರೆದುಕೊಡ್ತೀನಿ. ಮಾನಸಿಕ ಆರೋಗ್ಯ ಮಂಡಳಿಯಲ್ಲಿ ನೋಂದಾಯಿಸೋದು ಹೇಗೆ ಅಂತಲೂ ಹೇಳ್ತೀನಿ. ಸೀನು ಅವರೇ, ನಿಮಗೆ ಒಪ್ಪಿಗೆನಾ? ಇಲ್ಲ ಅನ್ನೋ ಹಕ್ಕು ನಿಮಗೂ ಇದೆ."

ಅಪ್ಪ ಕಾಗದ ತೆಗೆದುಕೊಂಡು ಮೊದಲಿನಿಂದ ಓದಿದ. ಎಲ್ಲಿಗೆ ಎಂದು ನಿಜ ಹೇಳಬೇಕು ಎಂಬ ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಕನ್ನಡಕದ ಸಾಲಿಗೆ ಬಂದಾಗ ತಲೆಯೆತ್ತಿದ.

"ಇದು ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ನೀನು ಬಂದಿದ್ರೆ ಗೊತ್ತಾಗ್ತಿತ್ತು."

ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಸರಿಮಾಡುತ್ತ ಕೂತ.

"ಇನ್ನೊಂದು ಸಾಲು ಸೇರಿಸ್ಲಾ? ನಿನ್ನ ಪರವಾಗಿ ಇರೋನು ದಿನಾ ಆಸ್ಪತ್ರೆಗೆ ಬಂದು ನಿನ್ನ ನೋಡ್ಬೇಕು ಅಂತ."

ಅತ್ತೆ ಯೋಚಿಸಿದಳು. ಅವಸರವೇನೂ ಮಾಡಲಿಲ್ಲ.

"ದಿನಾ ಬೇಡ ಕಣೋ. ದಿನ ಬಿಟ್ಟು ದಿನ ಸಾಕು. ದಿನಾ ನಿನ್ನ ಮುಖ ನೋಡ್ತಿದ್ರೆ ಹುಷಾರಾದ ಹಾಗೇ."

ಅಪ್ಪ ನಕ್ಕ. ನಗುತ್ತಲೇ ಕರ್ಚೀಫು ತೆಗೆದು ಮುಖ ಒರೆಸಿಕೊಂಡ. 'ದಿನ ಬಿಟ್ಟು ದಿನ' ಎಂದು ನಾನು ಕೊನೆಯ ಸಾಲು ಬರೆದೆ, ಅದಕ್ಕೆ ಏನನ್ನೂ ಸೇರಿಸದೆ. ಅತ್ತೆ ಅದನ್ನೊಮ್ಮೆ ಓದಿ ರುಜು ಹಾಕಿದಳು, ಆಮೇಲೆ ಅಪ್ಪ, ಅಂಕಲ್, ಆಂಟಿ. ಡಾಕ್ಟರ್ ವಿಭಾ ಎಲ್ಲರ ಕೆಳಗೆ ರುಜು ಮಾಡಿ, ತಾರೀಖು ಬರೆದು, ಕಾಗದವನ್ನು ಅತ್ತೆಯ ಕೈಗೆ ಕೊಟ್ಟರು.