ಶೇವಂತಾ ನೋಡಿದ ಹೊಳೆ

ಕುದಿಯುವ ಬೆಲ್ಲದ ವಾಸನೆ ಬಂತು, ಹತ್ತಿರದಲ್ಲೇ ಎಲ್ಲೋ ಗಾಣ ನಡೆದಿದೆ, ಅಂದರೆ ಶೇಡಬಾಳ ಹಿಂದೆ ಬಿತ್ತು, ಇನ್ನು ಉಗಾರ, ನನ್ನ ತವರು, ಅದಾದ ಮೇಲೆ ಹೊಳೆ — ಮಗಳು ಶೇವಂತಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಎಬ್ಬಿಸಲೇ, ಬೇಡ, ಇನ್ನಷ್ಟು ಮಲಗಲಿ, ಮುಚ್ಚಿಕೊಂಡಾಗ ಎಲ್ಲ ಮಕ್ಕಳ ಕಣ್ಣೂ ಒಂದೇ. ಎದುರಿಗೆ ಇವರು, ನನ್ನ ಗಂಡ ರಾಜಾರಾಮ, ಬೆರಳಿನಿಂದ ಮೊಣಕಾಲು ಬಡಿಯುತ್ತ ಕೂತಿದ್ದಾರೆ, ಪುಣೆ ಬಿಟ್ಟಾಗಿನಿಂದ ಮಾತಿಲ್ಲ, ಮಿರಜದಲ್ಲಿ ಈ ಸಣ್ಣ ಗಾಡಿಗೆ ಹತ್ತುವಾಗಲೂ ಇಲ್ಲ, ಅವರಿಗೆ ಮತ್ತೊಮ್ಮೆ ದೂಧಸಾಗರಕ್ಕೇ ಹೋಗಬೇಕಿತ್ತು, ನನಗೆ ಕೃಷ್ಣೆಯ ಸೇತುವೆ ದಾಟಬೇಕಿತ್ತು, ಮನೆಯಲ್ಲೇ ನನ್ನ ಹೆಸರು ಹಿಡಿದು ವಾದಿಸಿದ್ದರು, ಏನೈತಿ ಸುಂದರಾ ಆ ಕುಡಚಿ ಪೂಲಿನ್ಯಾಗ, ಕೆಸರನೀರು, ಎಮ್ಮಿ, ಪೋರಿಗೆ ಚಂದಂದ ತೋರಸೂಣು, ಟೈಮ್ ಎಲ್ಲೈತಿ ನಮ್ಮ ಹಂತ್ಯಾಕ. ಟೈಮು ಇಲ್ಲವೆಂದು ನನಗೆ ಗೊತ್ತಿಲ್ಲವೇ, ಶೇವಂತಾಳ ಕಣ್ಣು ನೋಡಿ ಡಾಕ್ಟರು ಹೇಳುವಾಗ ಕೇಳಿದವಳು ನಾನು, ಇವರು ಕೋಣೆಯ ಹೊರಗೆ ನಿಂತಿದ್ದರು, ಅಂಚಿನಿಂದ ಕಾಗದ ಸುಟ್ಟುಕೊಂಡು ಬರುವ ಹಾಗೆ ನೋಟ ಸುತ್ತಲಿಂದ ಒಳಗೊಳಗೆ ಸರಿಯುತ್ತದಂತೆ, ಔಷಧವಿಲ್ಲ, ತೋರಿಸುವುದೇನಿದ್ದರೂ ಈಗಲೇ ತೋರಿಸಿಬಿಡಿ ಬಾಯಿಯವರೇ ಅಂದರು.

ತೋರಿಸುವುದು ಹೇಗೆ, ಕೆಳಗಿನ ಮನೆಯ ಬಾಪುಸಾಹೇಬರ ಬಳಿ ಕಾರಿದೆ, ಭಾನುವಾರ ಬಂದರೆ ಮಹಾಬಳೇಶ್ವರ, ಪನ್ಹಾಳ, ನಮ್ಮ ಬಳಿ ಇರುವುದು ಇವರ ಸೈಕಲ್ಲೊಂದೇ, ಹಾಗಾಗಿ ರೈಲು ಹೋಗುವಷ್ಟೇ ನನ್ನ ಮಗಳ ಜಗತ್ತು. ಕಚೇರಿಯಿಂದ ಬಂದವರೇ ರೈಲಿನ ನಕಾಶೆ ನೆಲದ ಮೇಲೆ ಹರವಿಕೊಂಡು ಕೂಡುತ್ತಿದ್ದರು, ಎಲ್ಲಿ ಗುಡ್ಡ, ಎಲ್ಲಿ ನೀರು, ಹಗಲು ಗಾಡಿಯೇ ಬೇಕು, ಯಾವ ಬದಿಯ ಕಿಟಕಿ ಒಳ್ಳೆಯದು ಎಂದು ಸ್ಟೇಷನ್ನಿಗೆ ಹೋಗಿ ಗಾರ್ಡನನ್ನು ಕೇಳಿ ಬರುತ್ತಿದ್ದರು. ಮೊದಲು ಖಂಡಾಳಾ ಘಾಟು, ಗಾಡಿ ಗುಡ್ಡ ಕೊರೆದ ಬೋಗದೆಯ ಕತ್ತಲೆಯೊಳಗೆ ಹೊಕ್ಕಾಗ ಶೇವಂತಾ ನನ್ನ ಸೆರಗು ಹಿಡಿದು, ಯವ್ವಾ, ಮುಂದ ಹಿಂಗ ಇರತೈತೇನ ಅಂದಳು, ನಾನು ಅವಳನ್ನು ಹತ್ತಿರ ಎಳೆದುಕೊಂಡೆ, ಅಷ್ಟರಲ್ಲಿ ಬೆಳಕು ಬಂತು, ಅವಳು ಮತ್ತೆ ಕೇಳಲಿಲ್ಲ. ಮಳೆಗಾಲದಲ್ಲಿ ದೂಧಸಾಗರ, ಹಾಲು ಉಕ್ಕಿದಂಗ ಐತೆಪಾ ಅಂದಳು, ಇವರು ರೈಲು ಡಬ್ಬಿಯ ತುಂಬ ಸಾರಿಕೊಂಡು ಬಂದರು, ನೋಡ್ರಿ, ನನ್ನ ಮಗಳಿಗಿ ಕಾಣತೈತ್ರಿ, ಛಲೋ ಕಾಣತೈತಿ. ಆದರೆ ನನಗೆ ಅವಳು ನನ್ನ ಹೊಳೆ ನೋಡಬೇಕು, ಜಲಪಾತ ನೋಡಲು ಹೋದವರು ಅದರಲ್ಲಿ ಬಟ್ಟೆ ಒಗೆಯುವುದಿಲ್ಲ, ನಾನು ಕೃಷ್ಣೆಯಲ್ಲಿ ಒಗೆದಿದ್ದೇನೆ, ಈಜಿದ್ದೇನೆ, ಇವರ ಜೊತೆ ಲಗ್ನ ಗೊತ್ತಾದ ದಿನ ಪೂಲಿನ ಕೆಳಗೆ ಕುತ್ತಿಗೆಮಟ ನೀರಿನಲ್ಲಿ ನಿಂತು ಯಾರಿಗೂ ಕಾಣದಂತೆ ಅತ್ತಿದ್ದೇನೆ, ಎಷ್ಟು ಸಲ ಹೇಳಿಲ್ಲ ಮಗಳಿಗೆ, ಎಮ್ಮೆಗಳ ತಲೆಗಳು ಕರೀ ಗಡಿಗೆ ತೇಲಿದಂತೆ ಕಾಣುತ್ತವೆ, ಹೊಳೆ ಎಷ್ಟು ಅಗಲವೆಂದರೆ ಆಚೆ ದಂಡೆಯ ಮನುಷ್ಯ ಗಂಡೋ ಹೆಣ್ಣೋ ತಿಳಿಯದು. ಇವರಿಗೆ ಸೋತು ಸೋತು ಈ ಸಲ ಗೆದ್ದೆ, ಉಗಾರದಲ್ಲಿ ಇಳಿಯಬೇಕಾದವರು ಪೂಲು ದಾಟಬೇಕೆಂದೇ ಕುಡಚಿಗೆ ತಿಕೀಟು ತೆಗೆಸಿದೆವು.

ಪಕ್ಕದಲ್ಲಿ ಕುಡಚಿಯ ಮುದುಕಿ, ಮಿರಜದ ದರ್ಗಾಕ್ಕೆ ಹೋಗಿ ಬಂದವಳು, ಎದ್ದು ನಮ್ಮ ಕಿಟಕಿಯ ಶಟರು ಎಳೆದು ಮುಚ್ಚುತ್ತಾಳೆ, ಇಂಜಿನ್ನಿನ ಕಿಡಿ ಬರತಾವ್ರಿ ಬಾಯಿ, ಮಲಗೇದ ಪೋರಿ, ಕಣ್ಣಾಗ ಬಿದ್ದಾವು. ಕಣ್ಣು ಕಾಯುತ್ತಿದ್ದಾಳೆ ಪುಣ್ಯಾತ್ಗಿತ್ತಿ, ನಾನೇನು ಹೇಳಲಿ, ಪಟ್ಟಿಪಟ್ಟಿಯ ಕಟ್ಟಿಗೆಯ ಶಟರು, ಸಂದಿಯಿಂದ ಗಾಳಿ, ಬಿಸಿಲಿನ ಗೆರೆ ಮಾತ್ರ ಬರುತ್ತವೆ, ಹೊರಗಿನದೇನೂ ಕಾಣದು, ಇರಲಿ, ಹೊಳೆ ಬಂದಾಗ ತೆಗೆದರಾಯಿತು. ಉಗಾರ ಬಂತು, ಹೋಯಿತು, ಆಚೆ ಬದಿಯ ಕಿಟಕಿಯಲ್ಲಿ ಕಬ್ಬು, ಮತ್ತೆ ಕಬ್ಬು, ಆಮೇಲೆ ಒಮ್ಮೆಲೇ ಗಾಲಿಗಳ ಸದ್ದು ಬದಲಾಯಿತು, ಕೆಳಗೆ ಟೊಳ್ಳು, ಧಡಧಡ ಕಬ್ಬಿಣ, ಪೂಲು, ಏಳ ಶೇವಂತಾ, ಹೊಳಿ ಬಂತು — ಅವಳು ದಡಬಡಿಸಿ ಎದ್ದು ಗಾಳಿ ಬರುತ್ತಿದ್ದ ಕಡೆ ಮುಖ ತಿರುಗಿಸಿದಳು, ನಾನು ಶಟರು ಎತ್ತಲು ಕೈ ಚಾಚಿದೆ, ಅಷ್ಟರಲ್ಲಿ, ಯವ್ವಾ, ಎಷ್ಟ ಅಗಲ ಐತಿಬೇ ನಿನ್ನ ಹೊಳಿ, ಅಲ್ನೋಡ, ಎಮ್ಮಿ ತಲಿ, ಗಡಿಗಿ ತೇಲಿದಂಗ, ಅಪ್ಪಾ ನೀನೂ ನೋಡ, ದೂಧಸಾಗರಕ್ಕಿಂತ ಛಲೋ ಐತಿ.

ನನ್ನ ಕೈ ನಿಂತುಬಿಟ್ಟಿತು. ಮುದುಕಿ ಬಾಯಿ ತೆರೆದಳು, ನಾನು ಅವಳ ಮೊಣಕೈ ಅದುಮಿದೆ, ಬ್ಯಾಡ್ರಿ. ಇವರ ಮುಖ — ನೋಡಲಾರೆ, ದೂಧಸಾಗರದಲ್ಲಿ ಹಾಲು ಎಂದು ಮೊದಲು ಅಂದವರು ಇವರೇ, ಈಗ ನೆನಪಾಯಿತು, ಅಂದಿನಿಂದಲೇ ಅವಳಿಗೆ ಕಾಣದಿರಬಹುದು, ಅಪ್ಪನಿಗಾಗಿ ಅಷ್ಟು, ಅವ್ವನಿಗಾಗಿ ಇಷ್ಟು, ಒಬ್ಬಳೇ ಆ ಬೋಗದೆಯೊಳಗೆ ಕೂತು ನಮಗೆ ಹಂಚುತ್ತಿದ್ದಾಳೆ. ಇವರು ಶಟರಿಗೆ ಕೈ ಹಾಕಿದರು, ನಾನು ಆ ಕೈ ಹಿಡಿದೆ, ಹೌದವಾ, ಅಂದರು ಇವರು, ಬೆಳಗಿನಿಂದ ಆಡಿದ ಮೊದಲ ಮಾತು, ಭಾಳ ಛಲೋ ಐತಿ, ನಿಮ್ಮವ್ವ ಹೇಳಿದ್ದು ಖರೇ. ಧಡಧಡ, ಇನ್ನೂ ಪೂಲು ಮುಗಿದಿಲ್ಲ, ಕಂಬ, ಬಿಸಿಲು, ಕಂಬ, ಸಂದಿಯ ಬಿಸಿಲು ಗೆರೆಗೆರೆಯಾಗಿ ಅವಳ ಕಣ್ಣಗುಡ್ಡೆಯ ಮೇಲೆಯೇ ಓಡುತ್ತಿದೆ, ರೆಪ್ಪೆ ಬಡಿಯುತ್ತಿಲ್ಲ, ಮುಚ್ಚಿದ ಶಟರು, ಅಗಲವಾಗಿ ತೆರೆದ ಕಣ್ಣು, ನಗುತ್ತಿದ್ದಾಳೆ, ಬಿಸಿಲು, ಕಂಬ, ಬಿಸಿಲು, ಮುಚ್ಚಿದ ಶಟರು, ತೆರೆದ ಕಣ್ಣು