ಡಬ್ಬದೊಳಗಿನ ಗಂಗೆ

ದಿನಾ ಸಂಜೆ ಏಳಕ್ಕೆ ನಳಿನಾಕ್ಷಿ ದೇವರಿಗೆ ದೀಪ ಹಚ್ಚುತ್ತಿದ್ದರು. ಆಮೇಲೆ ಮೂಲೆಯ ಮೇಜಿನ ಕೆಳಗೆ ಬಗ್ಗಿ ಮಗನ ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದರು. ಪರದೆ ಹಚ್ಚುತ್ತಿರಲಿಲ್ಲ. ಡಬ್ಬದ ಫ್ಯಾನು ಗೊರ್ರೆಂದು ಶುರುವಾದ ಮೇಲೆ ಅಡುಗೆಮನೆಗೆ ಹೋಗಿ ಗಂಜಿಗಿಡುತ್ತಿದ್ದರು. ಮಗ ಯತಿನ್ ತೀರಿಹೋಗಿ ಏಳು ತಿಂಗಳಾಗಿತ್ತು. ಪರದೆ ಹಚ್ಚುವುದು ಅತ್ತೆಗೆ ಬರುವುದಿಲ್ಲ ಎಂದುಕೊಂಡಿದ್ದಳು ಸೊಸೆ ಚೈತನ್ಯಾ. ಡಬ್ಬವನ್ನಾದರೂ ಏಕೆ ಹಚ್ಚುತ್ತಾರೆಂದು ಕೇಳಿರಲಿಲ್ಲ. ಕೇಳುವಷ್ಟು ಮಾತು ಅವಳಲ್ಲಿ ಉಳಿದಿರಲಿಲ್ಲ.

ಆ ಮಂಗಳವಾರ ಡಬ್ಬ ಹತ್ತೇ ನಿಮಿಷಕ್ಕೆ ತಾನಾಗಿ ಆರಿಹೋಯಿತು. ಬುಧವಾರವೂ ಹಾಗೇ. ಗುರುವಾರ ನಳಿನಾಕ್ಷಿ ಗಂಜಿ ಬಡಿಸಿಕೊಂಡರು, ಉಣ್ಣಲಿಲ್ಲ.

"ಯಾರಿಗಾದ್ರೂ ತೋರಿಸ್ಲಿಕ್ಕೆ ಆಗ್ತದಾ ಮಾರಾಯ್ತಿ, ಇದನ್ನು?"

ಚೈತನ್ಯಾ ಜಯೇಶನಿಗೆ ಫೋನು ಮಾಡಿದಳು. ರಬಾಳೆಯ ಕಾರ್ಖಾನೆಯಲ್ಲಿ ಯತಿನ್‌ನ ಪಕ್ಕದ ಮೇಜಿನವನು.

"ಫ್ಯಾನ್ ಗಯಾ, ವೈನಿ. ಗರಂ ಹೋಕೆ ಬಂದ್ ಆಗ್ತಿದೆ," ಎಂದ ಅವನು. "ಅವನು ವಾಟರ್ ಕೂಲಿಂಗ್ ಕಿಟ್ ತಗೊಂಡಿದ್ದನಲ್ಲ? ಸಸ್ತಾವಾಲಾ, ನೀರು ಓಡಿಸಿ ಠಂಡಾ ಮಾಡೋದು, ಆವಾಜ್ ಇಲ್ಲದ್ದು. ನಾನೇ ನಕ್ಕಿದ್ದೆ, ಹಳೇ ಸ್ಕೂಟರಿಗೆ ರೇಡಿಯೇಟರ್ ಹಾಕಿದ ಹಾಗಾಯ್ತು ಅಂತ. ಅದು ಎಲ್ಲಿದೆ?"

ಅದು ಅಟ್ಟದ ಮೇಲಿತ್ತು. ಅಲ್ಲಿಟ್ಟವಳು ಅವಳೇ.

ಯತಿನ್ ಮನೆಗೆ ಬಂದೂ ಕಂಪ್ಯೂಟರಿನಲ್ಲಿ ಯಂತ್ರಗಳ ನಕ್ಷೆ ಬಿಡಿಸುತ್ತಿದ್ದ. ಡೊಂಬಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ಫ್ಯಾನಿನ ಅರಚಾಟದಿಂದ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅಡುಗೆಮನೆಯಿಂದ ತಾಯಿ "ಒಣಸ್‌ಗ್ ಬಲಾ" ಎಂದು ಊಟಕ್ಕೆ ಕೂಗಿದರೆ ಅವನು ಅದೇ ಸದ್ದಿನ ಮೇಲೆ ದನಿಯೆತ್ತಿ "ಐನ್ ನಿಮಿಷ, ಅಮ್ಮಾ" ಅನ್ನುತ್ತಿದ್ದ. ಆ ಐದು ನಿಮಿಷ ಒಂದು ತಾಸಾಗುತ್ತಿತ್ತು. ತಾಯಿ ಮಗ ತುಳುವಿನಲ್ಲಿ ಆಡುತ್ತಿದ್ದ ಮಾತು ಅದಿಷ್ಟೇ. ಉಳಿದದ್ದೆಲ್ಲ ಕನ್ನಡ. ತುಳು ಬಾರದ, ವಿಜಯಪುರದ ಕಡೆಯ ಸೊಸೆ ಬಂದ ದಿನವೇ ನಳಿನಾಕ್ಷಿ ಮನೆಯ ಮಾತನ್ನು ಬದಲಿಸಿದ್ದರು.

ಅವನ ಕೊನೆಯ ದಿನ ಬೆಳಿಗ್ಗೆ ಚೈತನ್ಯಾ ಹೇಳಿದ್ದು: "ಈ ಮನ್ಯಾಗ ಆ ಡಬ್ಬಿ ಇರಬೇಕು, ಇಲ್ಲಾ ನಾ ಇರಬೇಕು."

"ಕಿಟ್ ಬಂದಿದೆ. ರವಿವಾರ ಹಾಕ್ತೇನೆ," ಎಂದಿದ್ದ ಅವನು ಬೂಟಿನ ದಾರ ಕಟ್ಟುತ್ತ. "ಆಮೇಲೆ ನಿನ್ನ ಗೊರಕೆ ಒಂದೇ ಕೇಳುದು ಈ ಮನೆಯಲ್ಲಿ. ಅದಕ್ಕೆ ಕಿಟ್ ಸಿಗುದಿಲ್ಲ."

ಅವಳು ನಕ್ಕಿರಲಿಲ್ಲ. ಅಂದೇ, ಥಾಣೆಯಲ್ಲಿ ರಬಾಳೆಯ ಲೋಕಲ್ ರೈಲಿಗೆ ಬದಲಿಸುವಾಗ ಸೇತುವೆಯ ಮೆಟ್ಟಿಲಲ್ಲಿ ಕುಳಿತವನು ಏಳಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಅವಳಿಗೆಂದು ಅವನು ಬಾಕಿ ಉಳಿಸಿಹೋದ ಕೆಲಸ ಅದೊಂದೇ. ಅದನ್ನು ತಾನೇ ಮುಗಿಸಬೇಕು, ಅವನು ಹೇಳಿದಂತೆಯೇ. ಏಳು ತಿಂಗಳಲ್ಲಿ ಅವಳಿಗೆ ಏನಾದರೂ ಬೇಕೆನಿಸಿದ್ದು ಅದೇ ಮೊದಲು.

ರವಿವಾರ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್ ರೈಲು ಬಂದ್. ನೆರವಿಗೆ ಬರಬೇಕಿದ್ದ ಜಯೇಶ್ ಟಿಟ್ವಾಳಾದಲ್ಲೇ ಸಿಕ್ಕಿಕೊಂಡ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅದರಲ್ಲಿ ಅವನ ಮುಖ ನೋಡುತ್ತ ಚೈತನ್ಯಾ ನೆಲದ ಮೇಲೆ ಕೆಲಸಕ್ಕೆ ಕೂತಳು. ಹಳೆಯ ಫ್ಯಾನನ್ನು ಬಿಚ್ಚಿದಾಗ ಅದರ ರೆಕ್ಕೆಗಳಿಗೆ ಕಂಬಳಿಯಂತೆ ಧೂಳು ಹತ್ತಿತ್ತು. ಅದರ ಜಾಗಕ್ಕೆ ತಾಮ್ರದ ಬಿಲ್ಲೆ, ಮೇಲೆ ತನ್ನದೇ ಸಣ್ಣ ಫ್ಯಾನಿರುವ ರೇಡಿಯೇಟರು, ಪಕ್ಕದಲ್ಲಿ ಪಂಪು ಕೂಡಿಸಿದ ಗಾಜಿನಂಥ ಪುಟ್ಟ ತೊಟ್ಟಿ. ಮೂರಕ್ಕೂ ಕೊಳವೆ ಜೋಡಿಸಲು ಮಧ್ಯಾಹ್ನವಾಯಿತು. ಬೆರಳ ತುದಿ ಸುಲಿದಿತ್ತು, ನೋವು ಗೊತ್ತಾಗಲಿಲ್ಲ.

"ಅಬ್ ಪಾನಿ. ನಳದ್ದು ಬೇಡ, ಬಾಟ್ಲಿದೂ ಬೇಡ. ಬ್ಯಾಟರಿ ವಾಟರ್ ತನ್ನಿ. ಬೇರೆ ಏನಾದ್ರೂ ಹಾಕಿದ್ರೆ ಒಳಗೆ ಪಾಚಿ ಕಟ್ತದೆ, ಎಲ್ಲಾ ಖರಾಬ್," ಎಂದು ಹೇಳಿ ಜಯೇಶ್ ಊಟಕ್ಕೆದ್ದ.

ಅವಳು ಬ್ಯಾಟರಿ ಅಂಗಡಿಯಿಂದ ಕ್ಯಾನು ಹಿಡಿದು ಬರುವಾಗ ನಳಿನಾಕ್ಷಿ ಡಬ್ಬದ ಮುಂದೆ ಕೂತಿದ್ದರು. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನೀರು. ಮಡಿಲಲ್ಲಿ, ಬೆಸುಗೆ ಒಡೆದ ತಾಮ್ರದ ಗಿಂಡಿ.

ಆ ಗಿಂಡಿ ಚೈತನ್ಯಾಗೆ ಗೊತ್ತಿತ್ತು. ಕಾಶಿಯಿಂದ ತಂದ ಗಂಗೆ. "ಇದು ನನ್ನ ಕೊನೆಗೆ. ಎಲ್ಲಿಟ್ಟಿದ್ದೇನೆ, ನೋಡಿಕೊ," ಎಂದು ಮದುವೆಯಾದ ವಾರದಲ್ಲೇ ತೋರಿಸಿದ್ದರು.

"ಅತ್ತೀ, ಇದೇನ್ ಮಾಡೀರಿ?"

"ಹಾಕಿದೆ."

"ಇದರಾಗ ಬ್ಯಾರೆ ನೀರು ಹಾಕಬಾರದ್ರಿ. ಜಯೇಶ್ ಹೇಳಿದ್ದು ಕೇಳಿಲ್ಲೇನು? ಕೆಟ್ಟು ಹೋಗ್ತದ."

"ಕೇಳಿದ್ದೇನೆ. ನಂಗೆ ಕಿವುಡಾ?"

"ಮತ್ತ?"

ನಳಿನಾಕ್ಷಿ ಗಿಂಡಿಯ ಬಾಯಿಯನ್ನು ಸೆರಗಿನಿಂದ ಒರೆಸಿದರು. "ಅವನ ಬಾಯಿಗೆ ಒಂದು ಚಮಚ ಬಿಡ್ಲಿಕ್ಕೆ ಆಗ್ಲಿಲ್ಲ ನಂಗೆ. ಮನೆಯಲ್ಲೇ ಇತ್ತು, ಅಷ್ಟು ವರ್ಷದಿಂದ. ಹೊತ್ತಿಗೆ ಸಿಗ್ಲಿಲ್ಲ. ಅವ ಮುಟ್ಟಿದ್ದು ಅಂತ ಉಳಿದದ್ದು ಇದೊಂದು ಡಬ್ಬ."

ಕ್ಯಾನು ಚೈತನ್ಯಾಳ ಕೈಯಲ್ಲೇ ಇತ್ತು. ಕೊಳವೆ ಬಿಚ್ಚಿ ಬಗ್ಗಿಸಿದರೆ ಆ ನೀರು ಬಕೆಟ್ಟಿಗೆ ಬರುತ್ತಿತ್ತು. ಎರಡು ನಿಮಿಷದ ಕೆಲಸ.

"ಇನ್ನ ನಿಮಗ?" ಎಂದಳು.

"ನಂಗೆಂತಕ್ಕೆ? ನಳದ ನೀರು ಬಿಡು, ಸಾಕು. ಅದು ಬರುವ ಹೊತ್ತಿಗೇ ಸಾಯ್ತೇನೆ, ಹೆದರ್ಬೇಡ."

ಚೈತನ್ಯಾ ಕ್ಯಾನಿನ ಮುಚ್ಚಳ ತೆಗೆದು ಗಂಗೆಯ ಮೇಲೆಯೇ ಬ್ಯಾಟರಿ ನೀರು ಹೊಯ್ದಳು, ತೊಟ್ಟಿಯ ಕಂಠದವರೆಗೆ. ಜಯೇಶ್ ಮತ್ತೆ ಫೋನು ಮಾಡಿ "ಬ್ಯಾಟರಿ ವಾಟರೇ ಅಲ್ವಾ?" ಎಂದಾಗ "ಹೂಂ, ಅದೇ," ಎಂದಳು.

ಕಂಪ್ಯೂಟರಿಗೆ ಕರೆಂಟು ಕೊಡದೆ ಬರೀ ಪಂಪನ್ನು ಓಡಿಸಿ, ಎಲ್ಲಿಯಾದರೂ ಸೋರುತ್ತದೆಯೇ ಎಂದು ಸಂಜೆಯವರೆಗೆ ಕಾಯಬೇಕಿತ್ತು. ಪ್ರತಿ ಕೊಂಡಿಯ ಕೆಳಗೂ ಟಿಶ್ಯೂ ಇಟ್ಟರು. ಒಂದು ಗುಳ್ಳೆ ಕೊಳವೆಯಲ್ಲಿ ಏರಿತು, ತಾಮ್ರದ ಬಳಿ ತಡೆಯಿತು, ಮತ್ತೆ ಹೊರಟಿತು. ನಳಿನಾಕ್ಷಿ ಅರ್ಧ ತಾಸಿಗೊಮ್ಮೆ ಬಂದು, ಎಳೆ ಮಗುವಿನ ಬಟ್ಟೆ ಮುಟ್ಟಿ ನೋಡುವಂತೆ ಟಿಶ್ಯೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಒದ್ದೆ ಇಲ್ಲ," ಎಂದರು ಪ್ರತಿ ಸಲವೂ.

ಏಳು ಗಂಟೆಗೆ ಚೈತನ್ಯಾ ತಾನೇ ಗುಂಡಿ ಒತ್ತಿದಳು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಆರಲಿಲ್ಲ. ಪಕ್ಕದ ಮನೆಯ ಕುಕ್ಕರು ಕೂಗಿದ್ದು ಕೇಳಿತು, ದೂರದ ಲೋಕಲಿನ ಹಾರ್ನು ಕೇಳಿತು. ಯತಿನ್ ಹೇಳಿದಂತೆಯೇ ಆಗಿತ್ತು.

ದೀಪ ಹಚ್ಚಿ ಬಂದು ಅಷ್ಟೂ ಹೊತ್ತು ಕಾದು ನಿಂತಿದ್ದ ನಳಿನಾಕ್ಷಿ ಕೇಳಿದರು. "ಇನ್ನೂ ಶುರು ಮಾಡ್ಲಿಲ್ಲವಾ?"

"ಮಾಡೀನ್ರಿ. ನಡದದ."

ಅವರು ಬಗ್ಗಿ ಡಬ್ಬಕ್ಕೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟರು. "ಎಂತದೂ ಕೇಳುದಿಲ್ಲ."

"ಇದು ಹಿಂಗ ಇರೋದ್ರಿ."

"ಸದ್ದು ಇದ್ರೆ, ಅವ ಇಲ್ಲೇ ಕೂತು ಕೆಲಸ ಮಾಡ್ತಾ ಇದ್ದಾನೆ ಅಂತ ಅನ್ನಿಸ್ತಿತ್ತು ನಂಗೆ." ಮೊಣಕಾಲು ಹಿಡಿದು ಎದ್ದರು. "ಇರ್ಲಿ. ನಿಂಗೆ ಆ ಸದ್ದು ಆಗುದಿಲ್ಲ ಅಲ್ವಾ. ಅವತ್ತು ಬೆಳಿಗ್ಗೆ ಹೇಳಿದ್ದಿಯಲ್ಲ."

ದೂರುವ ದನಿಯಲ್ಲ ಅದು. ಉಪ್ಪು ಮುಗಿದಿದೆ ಅನ್ನುವಾಗಿನ ದನಿ. ಅಷ್ಟು ಹೇಳಿ ಅಡುಗೆಮನೆಗೆ ಹೋದರು.

ಅವಳು ಬೇಡಿದ್ದ ನಿಶ್ಶಬ್ದ ಮನೆ ತುಂಬ ಕೂತಿತ್ತು. ಇನ್ನು ನಾಳೆಯೂ ಇದೇ, ನಾಡಿದ್ದೂ ಇದೇ. ರೇಡಿಯೇಟರಿನ ಫ್ಯಾನಿಗೆ ಒಂದು ಸಣ್ಣ ತಿರುಗಣೆಯಿತ್ತು. ಕಡಿಮೆಯಲ್ಲೇ ಇಡಿ, ಆವಾಜ್ ಬರೋದಿಲ್ಲ ಎಂದಿದ್ದ ಜಯೇಶ್. ಅವಳು ಅದನ್ನು ಕೊನೆಯವರೆಗೆ ತಿರುಗಿಸಿದಳು. ಮೊದಲು ಸಿಳ್ಳು, ಆಮೇಲೆ ಗೊರ್ರೆನ್ನುವ ಸದ್ದು. ಹಳೆಯದರಷ್ಟಲ್ಲ, ಆದರೆ ಸಾಕಷ್ಟು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ತುಸು ಹೊತ್ತಿಗೆ ಮತ್ತೆ ಶುರುವಾಯಿತು. ತಟ್ಟೆ ಇಟ್ಟದ್ದು, ಗಂಜಿ ಬಡಿಸಿದ್ದು ಕೇಳಿಸಿತು. ಆಮೇಲೆ ಎಷ್ಟೋ ವರ್ಷಗಳ ರೂಢಿಯಲ್ಲಿ, ಫ್ಯಾನಿನ ಮೇಲೆ ಏರಿಸಿದ ದನಿ:

"ಯತೀ, ಒಣಸ್‌ಗ್ ಬಲಾ!"

ಮನೆಯಲ್ಲಿ ಫ್ಯಾನೊಂದೇ ಓಡುತ್ತಿತ್ತು. ಒಳಗೆ ನಳಿನಾಕ್ಷಿ ಬಾಯಿಗೆ ಸೆರಗು ಒತ್ತಿ ನಿಂತಿರಬೇಕು. ಚೈತನ್ಯಾ ಅವನ ಕುರ್ಚಿಯಲ್ಲಿ ಕೂತಳು. ಫ್ಯಾನಿನ ಮೇಲೆ ಕೇಳುವಂತೆ ದನಿಯೆತ್ತಿದಳು.

"ಐನ್ ನಿಮಿಷ, ಅಮ್ಮಾ," ಎಂದಳು.