ಗುಡುಗಿನಲ್ಲಿ ರೇಣುಕಪ್ಪ ವೈರು ಹಾಕಿದ್ದು

ಮೊದಲ ಗುಡುಗು ಕೇಳಿದಾಗ ರೇಣುಕಪ್ಪ ಮದುವೆ ಕಾಗದ ಮಡಿಸುತ್ತಿದ್ದರು. ಕೊಪ್ಪ ಬಸ್ ನಿಲ್ದಾಣದ ಹತ್ತಿರ ಅವರದೊಂದು ಸಣ್ಣ ಮುದ್ರಣಾಲಯ. ಕಾಗದ ಅಲ್ಲೇ ಬಿಟ್ಟು ಎದ್ದವರು ಮೊದಲು ಫೋನಿನ ವೈರು ಎಳೆದರು, ಆಮೇಲೆ ಕಂಪ್ಯೂಟರಿನ ಪ್ಲಗ್ ಕಿತ್ತರು. ಆ ಕಂಪ್ಯೂಟರಿನಲ್ಲಿ ಗೋದಾವರಿ ಬಸ್ಸಿನ ವೇಳೆಗಳನ್ನು ಟೈಪ್ ಮಾಡುತ್ತಿದ್ದಳು. ಪರದೆ ಕಪ್ಪಾಯಿತು.

“ಅಣ್ಣಾ! ಒಂದು ಮಾತು ಹೇಳ್ಬಾರ್ದಾ?”

“ಸಿಡಿಲು ಹೇಳಿ ಬರ್ತದಾ ಮಾರಾಯ್ತಿ? ಹೋದ ವರ್ಷ ಮೋಡೆಮ್ ಸುಟ್ಟದ್ದು ಮರ್ತೋಯ್ತಾ?”

ತಪ್ಪು ಅವರೊಬ್ಬರದಲ್ಲ. 2005ರ ಏಪ್ರಿಲ್ ಅದು. ಮುಂಗಾರಿಗೆ ಮೊದಲು ಗುಡುಗು ಶುರುವಾದರೆ ಈ ಕಡೆಯ ಯಾವ ಮನೆಯಲ್ಲೂ ಫೋನಿನ ವೈರು ಗೋಡೆಯಲ್ಲಿ ಇರುವುದಿಲ್ಲ. ಕೈ ತಾನಾಗಿ ಹೋಗಿ ಕೀಳುತ್ತದೆ, ಎದುರಿಗೆ ಯಾರು ಕೆಲಸ ಮಾಡುತ್ತಿದ್ದಾರೆಂದು ನೋಡುವುದಿಲ್ಲ. ಮುದ್ರಣಾಲಯದ ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು.

ಗೋದಾವರಿ ಅಲ್ಲಿ ಡಿಟಿಪಿ ಮಾಡುತ್ತಿದ್ದಳು. ಜೊತೆಗೆ ಅಂಚೆ ಶಿಕ್ಷಣದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದ್ದಳು. ಮರುದಿನ, ಎಲ್ಲರೂ ಎನ್.ಆರ್. ಪುರ ಎನ್ನುವ ನರಸಿಂಹರಾಜಪುರದ ಅಧ್ಯಯನ ಕೇಂದ್ರದಲ್ಲಿ ಪರೀಕ್ಷಕರ ಎದುರು ತನ್ನ ಪ್ರಾಜೆಕ್ಟನ್ನು ನಡೆಸಿ ತೋರಿಸಬೇಕಿತ್ತು. ಪಾಸಾದರೆ ಜೂನ್‌ನಿಂದ ಕಮ್ಮರಡಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಕೊಡುವುದಾಗಿ ಹೇಳಿದ್ದರು. ತಪ್ಪಿದರೆ ಮುಂದಿನ ಪರೀಕ್ಷೆ ಡಿಸೆಂಬರಿಗೆ. ಅಲ್ಲಿಯವರೆಗೆ ಶಾಲೆ ಕಾಯುವುದಿಲ್ಲ.

ಪ್ರಾಜೆಕ್ಟ್ ಅಂದರೆ ಬಸ್ಸು ಹುಡುಕುವ ಪುಟ. ಎಲ್ಲಿಂದ, ಎಲ್ಲಿಗೆ ಎಂದು ತುಂಬಿದರೆ ಬಸ್ಸಿನ ಹೆಸರು, ಹೊರಡುವ ವೇಳೆ, ಎಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು ಎಲ್ಲ ಬರುತ್ತಿತ್ತು. ಮೊದಲ ಸಲ ಅವಳು ಅದನ್ನು ಬೇರೆ ಫೈಲಿನ ಹಾಗೆಯೇ ಡಬಲ್ ಕ್ಲಿಕ್ ಮಾಡಿ ತೆರೆದಿದ್ದಳು. ಬಸ್ಸಿನ ಬದಲು ತಾನು ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಸಾಲುಗಳೇ ಉದ್ದಕ್ಕೆ ಕಂಡವು. ಕೇಂದ್ರದಲ್ಲಿ ಭಾನುವಾರದ ಪಾಠ ಮಾಡುತ್ತಿದ್ದ ಶೃಂಗೇರಿಯ ಉಪನ್ಯಾಸಕ ಶಿವಕಿರಣ ನಕ್ಕಿದ್ದರು. “ಅಕ್ಕಿ ಬೇಯಿಸ್ದೆ ಬಡಿಸಿದ್ದೀಯಲ್ಲ. ಬೇಯಿಸ್ಲಿಕ್ಕೆ ಒಂದು ಸರ್ವರ್ ಬೇಕು.”

ತಮ್ಮ ಸಿಡಿ ಕೊಟ್ಟು, ರೇಣುಕಪ್ಪನವರ ಕಂಪ್ಯೂಟರಿಗೇ ಅಪಾಚೆ ಎಂಬ ಸರ್ವರ್, ಪಿಎಚ್‌ಪಿ, ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಹಾಕಿಸಿದ್ದೂ ಅವರೇ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಸಾಕು, ಪುಟ ಕೇಳುವುದೂ ಕೊಡುವುದೂ ಅದೇ ಯಂತ್ರ.

“ಇದಕ್ಕೆ ಫೋನ್ ಬಿಲ್ಲು ಬರೋದಿಲ್ವಾ?” ಎಂದು ರೇಣುಕಪ್ಪ ಕೇಳಿದ್ದರು.

“ಇಲ್ಲ ಅಣ್ಣಾ, ಫೋನೇ ಬೇಡ.”

“ಹಾಗಾದ್ರೆ ಎಷ್ಟು ಬೇಕಾದ್ರೂ ಮಾಡು.”

ಮದುವೆ ಕಾಗದಗಳ ಗಡಿಬಿಡಿಯಲ್ಲೂ ಮರುದಿನ ಆ ಸಿಪಿಯು ಹೊತ್ತುಕೊಂಡು ಹೋಗಲು ಅವರು ಒಪ್ಪಿದ್ದರು.

ಗುಡುಗು ಒಮ್ಮೆ ನಿಂತಿತು. ಗೋದಾವರಿ ಕಂಪ್ಯೂಟರ್ ಹಾಕಿದಳು. ಸರ್ವರ್ ಎದ್ದಿತು, ಪುಟವೂ ತೆರೆಯಿತು. ಕೊಪ್ಪದಿಂದ ಜಯಪುರ ಎಂದು ಕೊಟ್ಟಳು. ಬಸ್ಸಿನ ಪಟ್ಟಿಯ ಜಾಗದಲ್ಲಿ ಒಂದೇ ಸಾಲು ಇಂಗ್ಲಿಷ್ ಬಂತು: ಬಸ್ಸುಗಳ ಫೈಲು ತೆರೆಯಲಾಗುತ್ತಿಲ್ಲ, ದೋಷ ಸಂಖ್ಯೆ 145.

“ಎಂಥದು ಅದು?” ರೇಣುಕಪ್ಪ ಬಗ್ಗಿ ನೋಡಿದರು.

“ಬರೀತಾ ಇರೋವಾಗ ಕರೆಂಟ್ ಹೋಯ್ತಲ್ಲ. ಬಸ್ಸಿನ ಪಟ್ಟಿ ಇದ್ದ ಫೈಲೇ ಕೆಟ್ಟಿದೆ.”

“ಫ್ಲಾಪಿಯಲ್ಲಿ ಒಂದು ಕಾಪಿ ಇಟ್ಟಿದ್ದೇನೆ ಅಂದಿದ್ದೆಯಲ್ಲ?”

“ಅದು ಹಳೇ ಕಾಪಿ, ಅದ್ರಲ್ಲಿ ಎನ್.ಆರ್. ಪುರದ ಬಸ್ಸಿಲ್ಲ. ಪರೀಕ್ಷಕರು ಮೊದ್ಲು ಅದನ್ನೇ ಕೇಳ್ತಾರೆ.”

ರೇಣುಕಪ್ಪ ಪ್ಲಗ್ ನೋಡಿದರು, ತಮ್ಮ ಕೈ ನೋಡಿಕೊಂಡರು. “ಶಿವಕಿರಣನಿಗೆ ಫೋನ್ ಮಾಡು.”

ಅಷ್ಟರಲ್ಲಿ ಎರಡನೇ ಸುತ್ತಿನ ಗುಡುಗು ಬಂತು, ಮೊದಲಿಗಿಂತ ಹತ್ತಿರದಲ್ಲಿ. ಗೋದಾವರಿ ತಾನಾಗಿಯೇ ಪ್ಲಗ್ಗಿಗೆ ಕೈ ಹಾಕಿದಳು. “ಬಿಡು,” ಎಂದರು ರೇಣುಕಪ್ಪ. ಹವಾಯಿ ಚಪ್ಪಲಿ ಮೆಟ್ಟಿ, ಮರದ ಸ್ಟೂಲು ಎಳೆದು ಅದರ ಮೇಲೆ ನಿಂತು, ಫೋನಿನ ವೈರನ್ನು ಮತ್ತೆ ಗೋಡೆಗೆ ಸಿಕ್ಕಿಸಿದರು. ಗುಡುಗುವಾಗ ವೈರು ಹಾಕಿದ್ದು ಅವರ ಜೀವನದಲ್ಲಿ ಅದೇ ಮೊದಲು.

ಪಕ್ಕದ ಹೂವಿನ ಅಂಗಡಿಯ ಯಮುನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ರೇಣುಕಪ್ಪಾ, ತಲೆ ಸರಿ ಉಂಟಾ ನಿಂಗೆ?”

“ಇಲ್ಲ ಮಾರಾಯ್ತಿ. ನೀನು ಒಳಗೆ ಹೋಗು.”

ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಶೃಂಗೇರಿಯಲ್ಲೂ ಗುಡುಗುತ್ತಿರಬೇಕು, ಅಲ್ಲೂ ವೈರು ಕಿತ್ತಿರುತ್ತಾರೆ. ಈ ತುದಿಯಲ್ಲಿ ರಿಂಗ್ ಕೇಳುತ್ತದೆ, ಆ ತುದಿಯಲ್ಲಿ ಗಂಟೆಯೇ ಬಡಿಯುವುದಿಲ್ಲ. ಗೋದಾವರಿ ರಿಸೀವರ್ ಇಟ್ಟಳು. ಸ್ವಲ್ಪ ಬಿಟ್ಟು ಮತ್ತೆ ಮಾಡಿದಳು. ಮತ್ತೂ ಒಮ್ಮೆ.

“ಹಲೋ. ಗೋದಾವರಿಯಾ?” ಶಿವಕಿರಣರ ದನಿ.

“ಸರ್! ನಾನೇ ಅಂತ ಹೇಗೆ ಗೊತ್ತಾಯ್ತು?”

“ಈ ಗುಡುಗಿಗೆ ಮತ್ಯಾರು ಫೋನ್ ಮಾಡ್ತಾರೆ? ರೇಣುಕಪ್ಪ ಪ್ಲಗ್ ಕಿತ್ತಿರ್ತಾರೆ, ನಾಳೆ ನಿನ್ನ ಪರೀಕ್ಷೆ ಅಂತ ನೆನಪಾಯ್ತು. ಅದಕ್ಕೇ ವೈರು ಹಾಕ್ದೆ.”

ಹಿಂದಿನಿಂದ ಅವರ ತಾಯಿ ಶಾರದಾಂಬ ಮಗನನ್ನು ಗದರುತ್ತಿದ್ದುದು ಕೇಳಿಸಿತು: “ಮಾಣೀ, ಇಡ್ತ್ಯನೋ ಇಲ್ಲ್ಯನೋ ಫೋನು! ಸಿಡ್ಲು ಹೊಡೆದ್ರೆ ಎಂತ ಮಾಡ್ತೆ?”

“ಬೇಗ ಹೇಳು, ಅಮ್ಮ ಕೀಳ್ತಾಳೆ,” ಎಂದರು ಶಿವಕಿರಣ.

145 ಎಂದಿದ್ದೇ ತಡ, “ಗಾಬರಿ ಬೇಡ, ಅದು ರಿಪೇರಿ ಆಗ್ತದೆ,” ಎಂದು ಒಂದು ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿದರು. ಗೋದಾವರಿ ಮೈಎಸ್‌ಕ್ಯೂಎಲ್‌ನ ಕಪ್ಪು ಕಿಟಕಿಯಲ್ಲಿ ಬರೆದು ಎಂಟರ್ ಒತ್ತಿದಳು. ರೇಣುಕಪ್ಪ ಸ್ಟೂಲಿನಿಂದ ಇಳಿದಿರಲಿಲ್ಲ. ಇಳಿದರೆ ವೈರು ಬಿದ್ದು ಹೋಗುತ್ತದೆ ಎಂಬಂತೆ ಗೋಡೆಯ ಪಕ್ಕ ಕಾವಲು ನಿಂತಿದ್ದರು. ಪರದೆಯಲ್ಲಿ ‘ಓಕೆ’ ಎಂದು ಬಂತು. ಪುಟ ತೆರೆದು ಎನ್.ಆರ್. ಪುರ ಎಂದು ಕೊಟ್ಟಳು. ಬಸ್ಸುಗಳು ಸಾಲಾಗಿ ನಿಂತವು.

“ಬಂತು ಸರ್!”

ಉತ್ತರ ಬರಲಿಲ್ಲ. ಶಾರದಾಂಬ ವೈರು ಕಿತ್ತಿರಬೇಕು.

ಮರುದಿನ ಸಿಪಿಯು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ತೊಡೆಯ ಮೇಲೆ ಇಟ್ಟುಕೊಂಡು ಗೋದಾವರಿ ಬಸ್ಸಿನಲ್ಲಿ ಹೋದಳು. ಪರೀಕ್ಷಕರು ಶಿವಮೊಗ್ಗದವರು, ಹೆಚ್ಚು ಮಾತಿಲ್ಲ. ಕಮ್ಮರಡಿಯ ಶಾಲೆಯಲ್ಲಿ ಟೀಚರ್ ಕೆಲಸ ಕಾದಿದೆ ಎಂದು ಅವಳು ಹೇಳಿದ್ದನ್ನು ಕೇಳಿ, ನರಸಿಂಹರಾಜಪುರದಿಂದ ಕಮ್ಮರಡಿಗೆ ಎಂದು ತಾವೇ ಟೈಪ್ ಮಾಡಿದರು. ಕೊಪ್ಪದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಿರಿ ಎಂದು ಪುಟ ಹೇಳಿತು. ತಲೆಯಾಡಿಸಿ ಪುಟದ ಕೆಳಗಿನ ಸಾಲು ಓದಿದರು. ಬೆಳಿಗ್ಗೆ ಹೊರಡುವ ಮೊದಲು ಅವಳು ಸೇರಿಸಿದ ಕೃತಜ್ಞತೆಯ ಸಾಲು, ಅದರಲ್ಲಿ ಎರಡು ಹೆಸರು.

“ಶಿವಕಿರಣ ಗೊತ್ತು. ರೇಣುಕಪ್ಪ ಯಾರು? ಪ್ರೋಗ್ರಾಮರಾ?”

“ಅಲ್ಲ ಸರ್. ಪ್ರೆಸ್ಸಿನವರು. ಗುಡುಗಿದ್ರೆ ವೈರು ಕೀಳ್ತಾರೆ.”

“ಅದನ್ನು ಎಲ್ರೂ ಮಾಡ್ತಾರಲ್ಲಮ್ಮ.”

“ನಿನ್ನೆ ಗುಡುಗುವಾಗ ನನಗೋಸ್ಕರ ಹಾಕಿದ್ರು ಸರ್.”

ಪರೀಕ್ಷಕರು ಅವಳನ್ನು ಒಮ್ಮೆ ನೋಡಿದರು. ಶಿವಮೊಗ್ಗವೂ ಮಲೆನಾಡಿನ ಅಂಚೇ, ಹೆಚ್ಚು ವಿವರಿಸಬೇಕಾಗಲಿಲ್ಲ.

“ಹೆಸರು ಇರ್ಲಿ,” ಎಂದು ಅಂಕ ಬರೆದು ಸಹಿ ಮಾಡಿದರು. “ಶಾಲೆಯಲ್ಲಿ ಮಕ್ಕಳಿಗೆ ಚೆನ್ನಾಗಿ ಹೇಳಿಕೊಡು.”